ಬೆಳದಿಂಗಳ ಪರವಾನಗಿ

ಕೊಪ್ಪದ ಸ್ಟುಡಿಯೋ ಗೌಡ್ರು ತೀರಿಕೊಂಡ ಸುದ್ದಿ ನರಸಿಂಹರಾಜಪುರದಲ್ಲಿರುವ ನನಗೆ ತಲುಪಿದ್ದು ಹೋದ ವಾರ. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕಂತೆ. ಆದರೆ ಆ ಮನುಷ್ಯ ನನ್ನ ಮದುವೆಯ ಫೋಟೋ ತೆಗೆದವರು. ಹಾಗಾಗಿ ನನಗೆ ಸ್ವಲ್ಪ ರಿಯಾಯಿತಿ ಇರಬೇಕು ಎಂದುಕೊಂಡೇ ಬರೆಯುತ್ತಿದ್ದೇನೆ.

ನಾನಾಗ ಕೊಪ್ಪದಲ್ಲಿ ಕರೆಂಟ್ ಆಫೀಸಿನ ಗುಮಾಸ್ತ. ದೂರಿನ ಪುಸ್ತಕ ಇರುತ್ತಿದ್ದದ್ದು ನನ್ನ ಮೇಜಿನ ಮೇಲೆ. ಕರೆಂಟ್ ಇಲ್ಲ, ವೋಲ್ಟೇಜ್ ಇಲ್ಲ, ಕಂಬ ಬಿತ್ತು, ತಂತಿ ಹರಿಯಿತು. ಮಲೆನಾಡಿನಲ್ಲಿ ಈ ನಾಲ್ಕು ಬಿಟ್ಟರೆ ಐದನೆಯ ದೂರು ಇರುವುದಿಲ್ಲ. ಐದನೆಯದನ್ನು ತಂದವರು ಗೌಡ್ರು.

"ನಮ್ಮ ಮನೆ ಎದುರಿನ ಬೀದಿದೀಪ ಉರೀತಾ ಇದೆ" ಎಂದರು.

"ಉರಿಯೋಕೇ ಅಲ್ವಾ ಅದನ್ನ ಹಾಕಿದ್ದು?"

"ರಾತ್ರಿ ಇಡೀ ಉರೀತದೆ ಮಾರಾಯ್ರೆ. ಎಂತಾದ್ರೂ ಮಾಡಿ."

ಬೀದಿದೀಪ ಪಂಚಾಯ್ತಿಗೆ ಸೇರಿದ್ದು ಎಂದು ಅವರನ್ನು ಅಲ್ಲಿಗೆ ಕಳಿಸಿದೆ. ಅಲ್ಲಿಂದ ಅವರನ್ನು ನಮ್ಮಲ್ಲಿಗೇ ಕಳಿಸಿದರು. ಹೀಗೆ ಎರಡು ವರ್ಷ ಓಡಾಡಿದರು. ಬೇಸರವನ್ನೇನೂ ತೋರಿಸಲಿಲ್ಲ. ಒಂದು ಮಳೆಗಾಲದಲ್ಲಿ ಮರ ಬಿದ್ದು ಐದು ದಿನ ಊರಿಗೆ ಕರೆಂಟ್ ಇರಲಿಲ್ಲ. ಊರೆಲ್ಲ ನಮ್ಮ ವಂಶೋದ್ಧಾರ ಮಾಡುತ್ತಿದ್ದಾಗ ಇವರೊಬ್ಬರು ಕೊಡೆ ಮಡಚಿಕೊಂಡು ಒಳಗೆ ಬಂದು, "ಒಳ್ಳೆ ಕೆಲಸ ಮಾಡಿದ್ರಿ. ಆದ್ರೆ ಈಗ ಮೋಡ ನೋಡಿ. ಇದನ್ನೇ ಜನವರಿಯಲ್ಲಿ ಮಾಡೋಕೆ ಆಗಲ್ವಾ?" ಎಂದು ಕೇಳಿದರು. ನಮ್ಮ ಗೆಳೆತನ ಶುರುವಾದದ್ದು ಅಂದಿನಿಂದ.

ಗೌಡ್ರಿಗೆ ಆಗ ಐವತ್ತರ ಹತ್ತಿರ. ಎತ್ತರದ ಆಳು, ಮದುವೆಯಾಗಿರಲಿಲ್ಲ. ವರ್ಷಗಟ್ಟಲೆ ಕ್ಯಾಮರಾದ ಕಿಂಡಿಗೆ ಕಣ್ಣಿಟ್ಟು ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಅವರ ಮಾತನ್ನು ಯಾರೂ ಪೂರ್ತಿ ನಂಬದಿರಲು ಆ ಕಣ್ಣೂ ಒಂದು ಕಾರಣ. ಮಾತನಾಡುತ್ತಾ ಎದುರಿನವರ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸುವ ಚಾಳಿ ಬೇರೆ. ಪಾಸ್‌ಪೋರ್ಟ್ ಫೋಟೋ ತೆಗೆದೂ ತೆಗೆದೂ ಬಂದ ರೋಗ. ಸಂತೆಯಲ್ಲಿ ಸಿಕ್ಕ ತಹಶೀಲ್ದಾರರ ಗಲ್ಲವನ್ನೂ ಅವರು ಬಿಟ್ಟವರಲ್ಲ.

ಕೈಗೆತ್ತಿಕೊಂಡ ಕೆಲಸವನ್ನು ಪೂರ್ತಿ ಮಾಡದಿರುವುದರಲ್ಲಿ ಮೂರು ತಾಲ್ಲೂಕಿನಲ್ಲಿ ಅವರಿಗೆ ಸಮ ಇರಲಿಲ್ಲ. ಮನೆಗೆ ಅರ್ಧ ಮಹಡಿ ಏರಿಸಿದ್ದರು. ಮೆಟ್ಟಿಲಿತ್ತು, ಹತ್ತಿ ಹೋದರೆ ಆಕಾಶವಿತ್ತು. ಸ್ಟುಡಿಯೋದ ಬೋರ್ಡಿನಲ್ಲಿ ಬಣ್ಣ ಬಳಿದ ಅಕ್ಷರಗಳು ಎರಡು, ಸೀಮೆಸುಣ್ಣದಲ್ಲಿ ಗುರುತು ಮಾಡಿದವು ಮೂರು. ಮದುವೆಯ ಆಲ್ಬಮ್ ಕೇಳಲು ಬಂದ ಹುಡುಗಿ ತುಂಬು ಗರ್ಭಿಣಿಯಾಗಿರುತ್ತಿದ್ದಳು. ಜೋರು ಮಾಡಿದರೆ ಗೌಡ್ರು ಆಕಾಶಕ್ಕೆ ಕೈ ತೋರಿಸಿ, "ಐದು ಸಾವಿರ ವರ್ಷದ ಹಿಂದೆ ಹೊರಟ ಬೆಳಕು ಈಗ ಬಂದು ಮುಟ್ತಾ ಇದೆ. ನಿಮ್ಮ ಆಲ್ಬಮ್ಮಿಗೆ ಆರು ತಿಂಗಳು ಹೆಚ್ಚಾಯ್ತಾ?" ಎನ್ನುತ್ತಿದ್ದರು. ಇದಕ್ಕೆ ಉತ್ತರ ಕೊಟ್ಟವರನ್ನು ನಾನು ನೋಡಿಲ್ಲ.

ಈಗ ನನ್ನ ಮದುವೆಯ ವಿಷಯ. ಅದು ನಡೆದದ್ದು ಶೃಂಗೇರಿಯ ಒಂದು ಛತ್ರದಲ್ಲಿ. ಡಿಜಿಟಲ್ ಕ್ಯಾಮರಾ ನಮ್ಮ ಕಡೆ ಆಗಷ್ಟೇ ಕಾಲಿಟ್ಟಿತ್ತು. ಗೌಡ್ರ ಬಳಿ ಇದ್ದದ್ದು ಒಂದೇ ಒಂದು. ಮದುವೆಗೆ ಎರಡು ವಾರ ಇರುವಾಗ, ರಾತ್ರಿಯ ಆಕಾಶದ ಫೋಟೋ ತೆಗೆಯುವ ಹುಚ್ಚಿನಲ್ಲಿ, ಅವರು ಅದರ ಹೊಟ್ಟೆ ಬಗೆದಿದ್ದರು. ಕ್ಯಾಮರಾದೊಳಗೆ ಒಂದು ಗಾಜಿನ ಬಿಲ್ಲೆ ಇರುತ್ತದಂತೆ. ಮನುಷ್ಯರ ಮುಖ ಮನುಷ್ಯರ ಮುಖದ ಹಾಗೆ ಬರಲಿ ಎಂದು ಅದು ಕಡುಗೆಂಪನ್ನು ತಡೆಯುತ್ತದೆ. ಆದರೆ ಆಕಾಶದಲ್ಲಿರುವ ಹೈಡ್ರೋಜನ್ ಮೋಡಗಳು ಬೆಳಗುವುದೇ ಆ ಕಡುಗೆಂಪಿನಲ್ಲಿ. ಗೌಡ್ರು ವಾಚ್ ರಿಪೇರಿಯ ಸ್ಕ್ರೂಡ್ರೈವರಿನಿಂದ ಆ ಬಿಲ್ಲೆಯನ್ನು ಕಿತ್ತು ಬೆಂಕಿಪೆಟ್ಟಿಗೆಯೊಂದರಲ್ಲಿ ಹಾಕಿಟ್ಟರು. ನನ್ನ ಮದುವೆಗೆ ಕ್ಯಾಮರಾ ಬಂತು, ಬೆಂಕಿಪೆಟ್ಟಿಗೆ ಕೊಪ್ಪದಲ್ಲೇ ಉಳಿಯಿತು.

ಫೋಟೋದಲ್ಲಿ ಎಲ್ಲರೂ ಕೆಂಪು. ನನ್ನ ಕಪ್ಪು ಕೋಟು ಕುಂಕುಮದ ಬಣ್ಣಕ್ಕೆ ತಿರುಗಿತ್ತು.

"ಹುಡುಗಿಗೆ ನಾಚಿಕೆ ಆಗಿದೆ ಅಂತ ತಿಳ್ಕೊಳ್ಳಿ" ಎಂದರು ಗೌಡ್ರು.

"ಹುಡುಗಿಗೆ ಆಗ್ಲಿ, ಪುರೋಹಿತ್ರಿಗೆ ಯಾಕೆ ನಾಚಿಕೆ?" ಎಂದಳು ನನ್ನ ಹೆಂಡತಿ.

ಕೊನೆಗೆ ಬೇರೆ ದಾರಿ ಕಾಣದೆ ಎಲ್ಲವನ್ನೂ ಕಪ್ಪು ಬಿಳುಪು ಮಾಡಿ ಕೊಟ್ಟರು. ಮನೆಗೆ ಬಂದ ನೆಂಟರು ಆಲ್ಬಮ್ ತಿರುವಿ, ಇದು ನಿಮ್ಮ ತಂದೆತಾಯಿಯ ಮದುವೆಯಾ ಎಂದು ಕೇಳುವುದು ಈಗಲೂ ಇದೆ.

ಇಷ್ಟೆಲ್ಲ ಮಾಡಿ ಅವರು ತೆಗೆಯುತ್ತಿದ್ದದ್ದಾದರೂ ಏನು? ಆಕಾಶದಲ್ಲಿ ಕಣ್ಣಿಗೆ ಕಾಣದ ಒಂದು ಅನಿಲದ ಮೋಡ. ಗುಲಾಬಿ ಹೂವಿನ ಆಕಾರದ ನೀಹಾರಿಕೆ ಎಂದು ಪುಸ್ತಕಗಳಲ್ಲಿ ಅದಕ್ಕೆ ಹೆಸರು. ನಮ್ಮ ಕಡೆ ಮಳೆ ಬಿಟ್ಟು, ಮೋಡ ಸರಿದು, ಮಂಜೂ ಇಲ್ಲದೆ ಆ ಜಾಗ ಕಾಣುವುದು ಜನವರಿ, ಫೆಬ್ರವರಿಯಲ್ಲಿ ಕೆಲವು ರಾತ್ರಿ ಮಾತ್ರ. ಶೃಂಗೇರಿಯ ಆಚೆ ಕೆರೆಕಟ್ಟೆಯ ಹತ್ತಿರ ಪರಿಚಯದವರೊಬ್ಬರ ಬ್ಯಾಣವಿತ್ತು. ಬ್ಯಾಣ ಅಂದರೆ ದನ ಮೇಯುವ ಹುಲ್ಲುಗುಡ್ಡ. ಹಳೆಯ ಜೀಪಿನಲ್ಲಿ ದೂರದರ್ಶಕದ ಕೊಳವೆ, ಅದನ್ನು ನಕ್ಷತ್ರದ ಜೊತೆಜೊತೆಗೆ ತಿರುಗಿಸುವ ಯಂತ್ರ, ಬ್ಯಾಟರಿ ಎಲ್ಲ ತುಂಬಿಕೊಂಡು ಗೌಡ್ರು ಅಲ್ಲಿಗೆ ಹೋಗುತ್ತಿದ್ದರು. ಇಬ್ಬನಿ ಬಿದ್ದು ಗಾಜು ಮಸುಕಾಗಬಾರದೆಂದು ಕೊಳವೆಗೆ ಬಿಸಿನೀರಿನ ಚೀಲ ಸುತ್ತುತ್ತಿದ್ದರು. ಆ ಚೀಲ ಅವರ ತಾಯಿಯ ಸೊಂಟನೋವಿನದು. ತಿಂಗಳಲ್ಲಿ ಹತ್ತು ದಿನ ಅಮ್ಮನ ಸೊಂಟಕ್ಕೆ ರಜೆ.

ಈ ಅಮ್ಮನ ಒಂದು ಕಟ್ಟಳೆಯೇ ಗೌಡ್ರ ಜೀವನದ ದೊಡ್ಡ ತಮಾಷೆಯಾಗಿತ್ತು. ನಕ್ಷತ್ರದ ಫೋಟೋ ತೆಗೆಯುವವರು ಎಲ್ಲ ಕಡೆಯೂ ಅಮಾವಾಸ್ಯೆಗಾಗಿ ಕಾಯುತ್ತಾರೆ. ಚಂದ್ರ ಬಂದರೆ ಆಕಾಶವೆಲ್ಲ ಹಾಲು ಚೆಲ್ಲಿದಂತಾಗಿ ಇಂಥ ಮಂಕು ಮೋಡಗಳು ಕೊಚ್ಚಿಹೋಗುತ್ತವೆ. ಆದರೆ ಗೌಡ್ರಿಗೆ ಮನೆಯಿಂದ ಹೊರಡಲು ಅಪ್ಪಣೆ ಇದ್ದದ್ದು ಚಂದ್ರ ಇರುವ ರಾತ್ರಿಗಳಲ್ಲಿ ಮಾತ್ರ. ಶುಕ್ಲಪಕ್ಷದ ಪಂಚಮಿ ಕಳೆಯಬೇಕು, ಚಂದ್ರ ಮುಳುಗುವ ಮೊದಲು ಗುಡ್ಡ ಇಳಿಯಬೇಕು. ಅಮಾವಾಸ್ಯೆಯ ಆಸುಪಾಸಿನಲ್ಲಿ ಹೊಸ್ತಿಲು ದಾಟುವಂತಿಲ್ಲ. ದೆವ್ವದ ಭಯ ಎಂದು ಕೊಪ್ಪದ ಅಂಗಡಿ ಅಂಗಡಿಯಲ್ಲಿ ನಗುತ್ತಿದ್ದರು. ನಾನು ಅವರೆಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಗುತ್ತಿದ್ದೆ. ಗೌಡ್ರನ್ನು ಕೇಳಿದರೆ, "ಅಮ್ಮಂಗೆ ಅಮಾಸೆ ಆಗಲ್ಲ" ಎಂದು ಹೇಳಿ ಲೆನ್ಸ್ ಒರೆಸತೊಡಗುತ್ತಿದ್ದರು. ಮಾತು ಬದಲಿಸಲು ಲೆನ್ಸ್ ಒರೆಸುವುದು ಅವರ ಪದ್ಧತಿ.

ಅಮ್ಮನ ಕಟ್ಟಳೆಯಿಂದ ಪಾರಾಗಲು ಅವರು ಕಂಡುಕೊಂಡ ಉಪಾಯ ಒಂದು ಫಿಲ್ಟರ್. ಪರದೇಶದಿಂದ ಅಂಚೆಯಲ್ಲಿ ಬಂತು. ಬಿಸ್ಕತ್ತಿನಷ್ಟು ಅಗಲದ ಗಾಜು, ಕಣ್ಣಿಗೆ ಹಿಡಿದರೆ ಕಗ್ಗತ್ತಲು. ಇದರಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ.

"ಬೆಳಕಿನಲ್ಲಿ ಎಷ್ಟೋ ಎಳೆ ಇರ್ತದೆ. ಇದು ಹೈಡ್ರೋಜನ್ನಿನ ಒಂದು ಎಳೆ ಬಿಟ್ಟು ಮತ್ತೆಂತದನ್ನೂ ಒಳಗೆ ಬಿಡಲ್ಲ. ಚಂದ್ರ ಎಷ್ಟು ಬೇಕಾದ್ರೂ ಸುರಿದುಕೊಳ್ಳಲಿ. ಮದುವೆ ಮನೇಲಿ ಸಾವಿರ ಜನ ಮಾತಾಡ್ತಿದ್ರೂ ಗಂಡನಿಗೆ ಹೆಂಡ್ತಿ ದನಿ ಒಂದೇ ಕೇಳ್ತದಲ್ಲ, ಹಾಗೆ."

"ನಿಮಗೆ ಹೇಗೆ ಗೊತ್ತು? ನೀವು ಮದುವೆನೇ ಆಗಿಲ್ಲ."

"ಊಟದ ಪಂಕ್ತಿಯ ಫೋಟೋ ತೆಗೆದಿದೀನಲ್ಲ ಮಾರಾಯ್ರೆ. ಗಂಡಸರು ಎರಡನೇ ಹೋಳಿಗೆಗೆ ಕೈ ಹಾಕಿ ಹಿಂದೆ ತಗೊಳ್ಳೋದು ನೋಡಿದೀನಿ."

ಆ ಗಾಜು ಹೇಳಿದ ಕೆಲಸ ಮಾಡಿತು. ಹುಣ್ಣಿಮೆಯ ಹಿಂದುಮುಂದಿನ ರಾತ್ರಿಗಳಲ್ಲಿ, ಪೇಪರ್ ಓದಬಹುದಾದಷ್ಟು ಬೆಳದಿಂಗಳಲ್ಲಿ ಕೂತು, ಹತ್ತು ಹತ್ತು ನಿಮಿಷದ ಫೋಟೋ ತೆಗೆಯುತ್ತಾ ಹೋದರು. ಆ ವರ್ಷಗಳಲ್ಲಿ ಕೆರೆಕಟ್ಟೆಯ ಕಾಡಿನಲ್ಲಿ ನಕ್ಸಲರನ್ನು ಹುಡುಕುವ ಪೊಲೀಸರ ಓಡಾಟ ಜಾಸ್ತಿ. ಒಮ್ಮೆ ಜೀಪು ತಡೆದು ಕೊಳವೆ, ತಂತಿ, ಬ್ಯಾಟರಿ ನೋಡಿ ಗಾಬರಿಯಾದರು. ಗೌಡ್ರು ಅಲ್ಲೇ ಕೊಳವೆ ನಿಲ್ಲಿಸಿ ಎಲ್ಲರಿಗೂ ಚಂದ್ರನನ್ನು ತೋರಿಸಿದರು. ಹಿರಿಯ ಪೇದೆಯೊಬ್ಬರು ಬಹಳ ಹೊತ್ತು ನೋಡಿ, "ಇಷ್ಟು ಚೆಂದ ಕಾಣೋದನ್ನ ಬಿಟ್ಟು ಕಾಣದೇ ಇರೋದರ ಫೋಟೋ ಯಾಕ್ರೀ ತೆಗೀತೀರಿ?" ಎಂದು ಕೇಳಿದರಂತೆ. ಅದು ನ್ಯಾಯವಾದ ಪ್ರಶ್ನೆ. ನನ್ನದೂ ಅದೇ ಆಗಿತ್ತು.

ಎರಡು ಚಳಿಗಾಲ ಕಳೆದ ಮೇಲೆ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ನಿಜ ಹೇಳುತ್ತೇನೆ, ನನ್ನ ಬಾಯಿ ಕಟ್ಟಿತು. ಕೆಂಪು ಎಸಳುಗಳು ಒಂದರ ಮೇಲೊಂದು ಸುರುಳಿ ಸುತ್ತಿಕೊಂಡಿದ್ದವು. ಆದರೆ ನಡುವೆ ಏನೂ ಇಲ್ಲ, ಒಂದು ಕಪ್ಪು ತೂತು. ಬಾಯಿ ಕಟ್ಟಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. "ಉದ್ದಿನ ವಡೆ ಇದ್ದ ಹಾಗಿದೆ" ಎಂದುಬಿಟ್ಟೆ.

ಆ ಹೆಸರು ಊರಲ್ಲಿ ಹಬ್ಬಿತು. ವಡೆ ಎಲ್ಲಿಗೆ ಬಂತು ಗೌಡ್ರೇ ಎಂದು ಹೋಟೆಲಿನವನೂ ಕೇಳತೊಡಗಿದ. ಅವರು ನಗುತ್ತಿದ್ದರು. ಆದರೆ ಆಮೇಲೆ ಆ ಚಿತ್ರವನ್ನು ಯಾರಿಗೂ ತೋರಿಸಲಿಲ್ಲ. ಒಂದು ಸಂಜೆ ಅವರೇ ಹೇಳಿದರು, ನಡುವೆ ಇರುವುದು ಆಕ್ಸಿಜನ್, ಅದರ ಬೆಳಕು ನೀಲಿ ಹಸಿರು. ಅದಕ್ಕೂ ಫಿಲ್ಟರ್ ತರಿಸಿ ನೋಡಿದ್ದರು. ಆದರೆ ಬೆಳದಿಂಗಳಿನಲ್ಲೂ ನೀಲಿಯೇ ತುಂಬಿರುವುದರಿಂದ ಕೆಂಪಿನ ಗಾಜು ತಡೆದಷ್ಟು ಇದು ತಡೆಯಲಾರದು. ಅಷ್ಟು ಮಂಕಾದ ನೀಲಿಗೆ ಕಪ್ಪು ಆಕಾಶವೇ ಬೇಕು. ಅಂದರೆ ಅಮಾವಾಸ್ಯೆ.

"ಅಮ್ಮನ ಹತ್ರ ಕೇಳಿ ನೋಡಿ" ಎಂದೆ.

"ಕೇಳಲ್ಲ" ಎಂದರು. ಮನೆಯ ಮಹಡಿ, ಅಂಗಡಿಯ ಬೋರ್ಡು ಅರ್ಧಕ್ಕೆ ನಿಂತಾಗ ಅವರ ಮುಖದಲ್ಲಿ ಎಂದೂ ಕಾಣದ ಬೇಸರ ಅವತ್ತು ಕಂಡಿತು. "ಇದೊಂದು ಮುಗೀಬೇಕಿತ್ತು ಮಾರಾಯ್ರೆ. ಹೋಗ್ಲಿ." ಲೆನ್ಸ್ ಒರೆಸತೊಡಗಿದರು.

ನನ್ನೊಳಗಿನ ವಿಚಾರವಾದಿ ಎದ್ದು ಕೂತ. ಆ ಭಾನುವಾರ ಗೌಡ್ರು ಬಾಳಗಡಿಯಲ್ಲಿ ಯಾವುದೋ ಮದುವೆಗೆ ಹೋಗಿದ್ದ ಸಮಯ ನೋಡಿ ಅವರ ಮನೆಗೆ ಹೋದೆ. ಅಮ್ಮ ಜಗಲಿಯಲ್ಲಿ ಕಾಳುಮೆಣಸು ಆರಿಸುತ್ತಿದ್ದರು. ಎಪ್ಪತ್ತು ದಾಟಿದ, ಮೊರಕ್ಕಿಂತ ಸ್ವಲ್ಪ ದೊಡ್ಡದಿದ್ದ ಹೆಂಗಸು. ಕಾಫಿ ಕೊಟ್ಟರು. ನಾನು ಶುರುಮಾಡಿದೆ. ಆ ಹೂವಿನ ನೀಲಿಗೆ ಕತ್ತಲು ಯಾಕೆ ಬೇಕು, ಅಮಾವಾಸ್ಯೆ ಅಂದರೆ ಏನು, ಚಂದ್ರ ಎಲ್ಲಿರುತ್ತಾನೆ, ಸೂರ್ಯ ಎಲ್ಲಿರುತ್ತಾನೆ, ಭೂತಪ್ರೇತಗಳು ಹೇಗೆ ಮನಸ್ಸಿನ ಕಲ್ಪನೆ, ವಿದ್ಯಾವಂತನಾದ ಮಗನನ್ನು ಇದಕ್ಕೆಲ್ಲ ಕಟ್ಟಿಹಾಕುವುದು ಎಷ್ಟು ಸರಿ. ಕಾಲು ಗಂಟೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಎಂದುಕೊಂಡಿದ್ದೆ.

"ಕಾಫಿ ಆರ್ತದೆ, ಕುಡಿ" ಎಂದರು ಅಮ್ಮ. ಕುಡಿದೆ. "ದೆವ್ವ ಅಂತ ನಿಂಗೆ ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರಲ್ಲ."

"ನಾ ಹೇಳಿದೀನಾ?" ಮೊರ ಕೆಳಗಿಟ್ಟರು. "ಆಗ ನಾವು ಕೆರೆಕಟ್ಟೆ ಹತ್ರ ಇದ್ವಿ. ಗದ್ದೆಗೆ ಹಂದಿ ಬರ್ತಿತ್ತು. ನಮ್ಮನೆಯವ್ರು ರಾತ್ರಿ ಕಾಯೋಕೆ ಹೋಗಿದ್ರು. ಅಮಾಸೆ ಕತ್ಲು. ಬೇರೆ ಊರಿಂದ ಶಿಕಾರಿಗೆ ಬಂದೋರು ಪೊದೆ ಅಲ್ಲಾಡಿದ್ದು ಕಂಡು ಬಂದೂಕು ಹೊಡೆದ್ರು. ಹಂದಿ ಅಂತ."

ನಾನು ಲೋಟ ಹಿಡಿದುಕೊಂಡೇ ಇದ್ದೆ.

"ಅಪ್ಪಿಗೆ ಆಗ ಏಳು ವರ್ಷ" ಎಂದರು. ಐವತ್ತು ವರ್ಷದ ಗೌಡ್ರು ಅವರಿಗೆ ಅಪ್ಪಿಯೇ. "ಬೆಳದಿಂಗ್ಳು ಇದ್ದಿದ್ರೆ ಮನುಷ್ಯ ಅಂತ ಕಾಣ್ತಿತ್ತು. ಅಷ್ಟೇ ಮಾರಾಯ. ದೆವ್ವ ಗಿವ್ವ ಎಂತದೂ ಇಲ್ಲ. ಕತ್ಲಲ್ಲಿ ಬಂದೂಕು ಹಿಡಿದವನಿಗೆ ಮನುಷ್ಯ ಯಾರು, ಹಂದಿ ಯಾವ್ದು ಗೊತ್ತಾಗಲ್ಲ."

ಜೀವನದಲ್ಲಿ ನಾನು ಹಲವು ಸಲ ಪೆಚ್ಚಾಗಿದ್ದೇನೆ. ಆದರೆ ಅವತ್ತಿನಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ. ಇಷ್ಟು ವರ್ಷ ಊರೆಲ್ಲ ನಗುವುದನ್ನು ಕೇಳಿಕೊಂಡು ಸುಮ್ಮನಿದ್ದ ಗೌಡ್ರು ನೆನಪಾಗಿ ಅಲ್ಲಿಂದ ಎದ್ದು ಹೋಗೋಣ ಅನ್ನಿಸಿತು. ಹೊರಟು ನಿಂತಾಗ ಅಮ್ಮ ಕೇಳಿದರು, "ಆ ಹೂವಿಗೆ ನೀಲಿ ಬೇಕೇ ಬೇಕಾ?"

"ಬೇಕಮ್ಮ. ಇಲ್ಲದಿದ್ರೆ ಅದು ಅರ್ಧವೇ."

"ಅವ ಯಾವ್ದನ್ನೂ ಪೂರ್ತಿ ಮಾಡಿದವ ಅಲ್ಲ." ಸ್ವಲ್ಪ ಹೊತ್ತು ಮೆಣಸಿನಲ್ಲಿ ಕೈಯಾಡಿಸಿದರು. "ಇದೊಂದನ್ನ ಮಾಡ್ಲಿ. ನಾನೂ ಬರ್ತೀನಿ."

ಮರುದಿನ ಗೌಡ್ರು ಆಫೀಸಿಗೆ ಬಂದು ನನ್ನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. "ಅಮ್ಮಂಗೆ ಎಂತ ಹೇಳಿದ್ರಿ?"

"ವಿಜ್ಞಾನ ಹೇಳಿದೆ."

"ಎಷ್ಟು ಹೊತ್ತು?"

"ಕಾಲು ಗಂಟೆ."

"ಪಾಪ" ಎಂದರು. ಪಾಪ ಎಂದದ್ದು ನನಗೋ ಅಮ್ಮನಿಗೋ ಎಂದು ಕೇಳಲಿಲ್ಲ.

ಹೊರಟದ್ದು ಶಿವರಾತ್ರಿಯ ಮರುದಿನದ ಅಮಾವಾಸ್ಯೆಗೆ. ಹಿಂದಿನ ರಾತ್ರಿಯ ಜಾಗರಣೆಯ ನಿದ್ದೆ ನನ್ನ ಕಣ್ಣಲ್ಲೇ ಇತ್ತು. ಅಮ್ಮ ಜೀಪಿನ ಮುಂದಿನ ಸೀಟಿನಲ್ಲಿ ಕಂಬಳಿ ಹೊದ್ದು, ಕಾಲ ಬುಡದಲ್ಲಿ ಗ್ಯಾಸ್‌ಲೈಟ್ ಇಟ್ಟುಕೊಂಡು ಕೂತಿದ್ದರು. ಗಂಡ ಸತ್ತ ವರ್ಷವೇ ಮಗನನ್ನು ಕರೆದುಕೊಂಡು ಕೊಪ್ಪಕ್ಕೆ ಬಂದವರು ಕೆರೆಕಟ್ಟೆಯ ಕಡೆ ಮತ್ತೆ ಹೋಗಿರಲಿಲ್ಲ. ಗುಡ್ಡದ ಮೇಲೆ ಕುರ್ಚಿ ಹಾಕಿ ಕೂರಿಸಿದೆವು. ಗೌಡ್ರು ಕೊಳವೆ ನಿಲ್ಲಿಸಿ, ಬಿಸಿನೀರಿನ ಚೀಲ ಸುತ್ತಿ, ಎಲ್ಲ ಸಿದ್ಧ ಮಾಡುವಷ್ಟರಲ್ಲಿ ಅಮ್ಮ ಗ್ಯಾಸ್‌ಲೈಟ್ ಹಚ್ಚಲು ಕಡ್ಡಿ ಗೀರಿದರು.

"ಬೆಳಕು ಮಾಡಬಾರದಮ್ಮ. ಎಲ್ಲ ಹಾಳಾಗ್ತದೆ."

"ಮತ್ತೆ ನಾವು ಇಲ್ಲಿರೋದು ಗೊತ್ತಾಗೋದು ಹೇಗೆ?"

ಗೌಡ್ರು ಲೆನ್ಸ್ ಒರೆಸತೊಡಗಿದರು. ಅಮ್ಮ ಕಡ್ಡಿ ಆರಿಸಿ, ಗಂಟಲು ಸರಿಮಾಡಿಕೊಂಡು, "ಬೆಳಕು ಬೇಡ ಅಂದ್ರೆ ಬಾಯಿ ಇದೆಯಲ್ಲ" ಎಂದು ಹಾಡಲು ಶುರುಮಾಡಿದರು.

ಮದುವೆಯ ಹಾಡು, ನಾಟಿಯ ಹಾಡು, ತೊಟ್ಟಿಲ ಹಾಡು, ಯಾವುದು ಬಾಯಿಗೆ ಬಂತೋ ಅದು. ರಾಗದ ಯೋಚನೆ ಇರಲಿಲ್ಲ, ದೂರಕ್ಕೆ ಕೇಳಿಸಬೇಕಿತ್ತು ಅಷ್ಟೇ. ಒಂದು ಗಂಟೆಯ ಮೇಲೆ ಅವರ ಗಂಟಲು ಕಟ್ಟಿತು. "ಇನ್ನು ನೀ ಹಾಡು" ಎಂದರು ನನಗೆ.

"ನಂಗೆ ಹಾಡು ಬರಲ್ಲಮ್ಮ."

"ಬರೋದು ಎಂತಾದ್ರೂ ಹೇಳು. ಸುಮ್ನೆ ಕೂತ್ರೆ ಹಂದಿ ಅಂತ ತಿಳೀತಾರೆ."

ನನಗೆ ಪೂರ್ತಿ ಬಾಯಿಗೆ ಬರುತ್ತಿದ್ದದ್ದು ಮಗ್ಗಿ ಮಾತ್ರ. ಕೆರೆಕಟ್ಟೆಯ ಗುಡ್ಡದ ಮೇಲೆ, ಅಮಾವಾಸ್ಯೆಯ ರಾತ್ರಿ, ಸರ್ಕಾರಿ ಶಾಲೆಯ ರಾಗದಲ್ಲಿ ಎರಡೊಂದ್ಲಿ ಎರಡು ಎಂದು ಕೂಗತೊಡಗಿದೆ. ಹನ್ನೆರಡರ ಮಗ್ಗಿಯ ಹೊತ್ತಿಗೆ ಗೌಡ್ರು ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಕ್ಯಾಮರಾದ ಪರದೆ ನೋಡಿ, "ಬಂತು" ಎಂದರು.

"ಎಂತ ಬಂತು?" ಎಂದರು ಅಮ್ಮ.

"ನೀಲಿ."

ಅಮ್ಮನಿಗೆ ಬಟ್ಟೆಯ ಮರೆಯಲ್ಲಿ ಅದನ್ನು ತೋರಿಸಿದರು. ಬೆರಳಲ್ಲಿ ಒರೆಸಿದರೆ ಹೋಗುವಷ್ಟು ತೆಳುವಾದ ಒಂದು ಮಸುಕು. "ಇಷ್ಟೇಯಾ?" ಎಂದರು ಅಮ್ಮ. ಮಗ ತೃಪ್ತಿಯಿಂದ, "ಇಷ್ಟೇ. ಇನ್ನು ಹತ್ತು ತೆಗೆದ್ರೆ ತುಂಬ್ತದೆ" ಎಂದು ಮುಂದಿನದಕ್ಕೆ ಗುಂಡಿ ಒತ್ತಿದರು. ನಾನು ಮಗ್ಗಿ ಮುಂದುವರಿಸಿದೆ.

ಹದಿನೇಳರ ಮಗ್ಗಿಯಲ್ಲಿದ್ದಾಗ ಕೆಳಗಿನ ಕಾಡಂಚಿನಿಂದ ಗಂಡಸಿನ ದನಿಯೊಂದು ಬಂತು.

"ಯಾರದು ಮೇಲೆ?"

ನನ್ನ ನಾಲಿಗೆ ಅಲ್ಲೇ ನಿಂತಿತು. ಅಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಮನುಷ್ಯರು ಕಣಪ್ಪ" ಎಂದು ಕೂಗಿ ಹೇಳಿದರು. "ಮೂರು ಜನ ಇದೀವಿ."

ಕೆಳಗಿನಿಂದ ಅದೇ ದನಿ, "ಈ ಹೊತ್ತಲ್ಲಿ ಎಂತ ಮಾಡ್ತಿದೀರಿ?"

"ನಕ್ಷತ್ರದ ಫೋಟೋ ತೆಗೀತಿದೀವಿ. ನೀವು ಆಚೆ ಕಡೆ ಹೋಗಿ" ಎಂದರು ಅಮ್ಮ.

ತರಗೆಲೆಯ ಮೇಲೆ ಕಾಲಿನ ಸದ್ದಾಯಿತು. ಇಬ್ಬರೋ ಮೂವರೋ ಇದ್ದಿರಬೇಕು. ಅವರ ಕೈಯಲ್ಲಿ ಏನಿತ್ತು ಎಂದು ಕತ್ತಲಲ್ಲಿ ನಮಗೆ ಕಾಣಲಿಲ್ಲ. ಸದ್ದು ಇಳಿಜಾರಿನಲ್ಲಿ ದೂರ ದೂರವಾಗಿ ಹಳ್ಳದ ಆಚೆ ನಿಂತಿತು.

ಗೌಡ್ರು ಫೋಟೋ ನಡೆಯುತ್ತಿರುವಾಗ ಯಂತ್ರದ ಬಳಿಯಿಂದ ಏಳುವವರಲ್ಲ. ಅವತ್ತು ಎದ್ದು ಬಂದು ತಾಯಿಯ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತರು. ಅಮ್ಮ ಇನ್ನೂ ನಿಂತೇ ಇದ್ದರು, ಆ ಸದ್ದು ಹೋದ ಕಡೆಗೆ ಮುಖ ಮಾಡಿಕೊಂಡು.

"ಅವತ್ತೂ ಯಾರದು ಅಂತ ಒಂದು ಮಾತು ಹೀಗೆ ಕೇಳಿದ್ದಿದ್ರೆ, ಹೇಳ್ತಿದ್ರು ಅಪ್ಪಿ" ಎಂದರು. "ನಿನ್ನ ಅಪ್ಪಂದು ದೊಡ್ಡ ದನಿ."

ಹತ್ತು ನಿಮಿಷ ಮುಗಿದು ಕ್ಯಾಮರಾ ತಾನಾಗಿ ಸದ್ದು ಮಾಡಿತು. ಮುಂದಿನ ಫೋಟೋಕ್ಕೆ ಗುಂಡಿ ಒತ್ತಲು ಗೌಡ್ರು ಏಳಲಿಲ್ಲ.